ಗಂಟಲ ಕ್ಯಾನ್ಸರ್ ಎಲ್ಲ ಸೀಮೆಯಲ್ಲೂ ಒಂದೇ ಅಲ್ಲ

ಗಂಟಲ ಕ್ಯಾನ್ಸರ್ ಎಂಬ ಹೆಸರಿನಡಿ ಹಲವು ರೋಗಗಳಿವೆ. ಮೂಗಿನ ಹಿಂಬದಿಯಲ್ಲಿ ಹುಟ್ಟುವುದು ಒಂದು; ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಹುಟ್ಟುವುದು ಇನ್ನೊಂದು; ಅನ್ನನಾಳಕ್ಕೆ ಸೇರುವ ಕೆಳಗಂಟಲಿನದು ಮತ್ತೊಂದು; ಧ್ವನಿಪೆಟ್ಟಿಗೆಯದು ನಾಲ್ಕನೆಯದು. ಎಲ್ಲಿ ಯಾವುದು ಹೆಚ್ಚು ಎಂಬುದು ಆ ಸೀಮೆಯ ಜನರ ಊಟ, ಚಟ, ಸೋಂಕು ಮತ್ತು ವಂಶವನ್ನು ಅವಲಂಬಿಸಿದೆ. ರೋಗಿ ಉಳಿಯುವುದು ಮಾತ್ರ ಇನ್ನೂ ಎರಡು ಸಂಗತಿಗಳನ್ನು ನೆಚ್ಚಿಕೊಂಡಿದೆ: ಚಿಕಿತ್ಸೆ ಎಷ್ಟು ಬೇಗ ಶುರುವಾಯಿತು, ಎಷ್ಟು ಬಿಡದೆ ನಡೆಯಿತು.

ಕಾರಣಗಳ ಭೂಪಟ

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಮೂಗಿನ ಹಿಂಬದಿಯ ಕ್ಯಾನ್ಸರ್ ವಿಪರೀತ. ಇದಕ್ಕೆ ಕಾರಣವಾಗುವ ಎಪ್‌ಸ್ಟೀನ್-ಬಾರ್ ವೈರಸ್ ಲೋಕದ ಬಹುಪಾಲು ಜನರ ಮೈಯಲ್ಲಿದೆ. ಆದರೆ ಅಲ್ಲಿ ಅದರ ಜೊತೆಗೆ ವಂಶದ ಒಲವು ಮತ್ತು ಚಿಕ್ಕಂದಿನಿಂದ ತಿನ್ನುವ ಉಪ್ಪುಮೀನು ಸೇರಿಕೊಳ್ಳುತ್ತವೆ.

ಅಮೆರಿಕದಲ್ಲಿ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಎಚ್‌ಪಿವಿ ಎಂಬ ವೈರಸ್ ಕಾರಣ. ಈ ಬಗೆಯ ಗಡ್ಡೆ ವಿಕಿರಣಕ್ಕೂ ಕೀಮೋಗೂ ಚೆನ್ನಾಗಿ ಕರಗುತ್ತದೆ. 2010ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರಲ್ಲಿ ಎಚ್‌ಪಿವಿ ಇದ್ದ ರೋಗಿಗಳಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ 82. ಇಲ್ಲದವರಲ್ಲಿ ಶೇ 57.

ಭಾರತದ ಕಥೆ ಬೇರೆ. ಇಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು, ಮದ್ಯ ಮುಖ್ಯ ಕಾರಣಗಳು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಸಾರಿತು. ಅಡಿಕೆ ಬೆಳೆಯುವ, ಮೆಲ್ಲುವ ನಾಡಿನವರಾದ ನಮಗೆ ಇದು ಕಹಿಯಾದರೂ ಕೇಳಲೇಬೇಕಾದ ಮಾತು. ಈಶಾನ್ಯ ರಾಜ್ಯಗಳಲ್ಲಿ ಅಡಿಕೆ ಮೆಲ್ಲುವುದು, ಧೂಮಪಾನ ಎರಡೂ ಹೆಚ್ಚು. ಕೆಳಗಂಟಲಿನ ಕ್ಯಾನ್ಸರ್ ಅಲ್ಲಿ ದೇಶದ ಬೇರೆ ಭಾಗಗಳಿಗಿಂತ ಎದ್ದು ಕಾಣುತ್ತದೆ. ಹೊಗೆಸೊಪ್ಪಿನಿಂದ ಹುಟ್ಟಿದ ಗಡ್ಡೆ ಎಚ್‌ಪಿವಿಯದಕ್ಕಿಂತ ಹಟಮಾರಿ. ಅಮೆರಿಕದ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ಓದಿ ನಮ್ಮ ರೋಗಿಯ ಭವಿಷ್ಯ ಲೆಕ್ಕ ಹಾಕುವುದು ಆದ್ದರಿಂದಲೇ ತಪ್ಪು.

ಒಂದು ವಾರದ ಬೆಲೆ

ವಿಕಿರಣ ಚಿಕಿತ್ಸೆಯನ್ನು ರೋಗಿಗಳು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಅದು ಏಳು ವಾರಗಳವರೆಗೆ ನಡೆಯುತ್ತದೆ. ಡೆನ್ಮಾರ್ಕಿನ ವೈದ್ಯರು ಅಷ್ಟೇ ಪ್ರಮಾಣವನ್ನು ವಾರಕ್ಕೆ ಆರು ಸಲ ಕೊಟ್ಟು ಒಂದು ವಾರ ಮೊದಲೇ ಮುಗಿಸಿ ನೋಡಿದರು. 2003ರಲ್ಲಿ ಬಂದ ಫಲಿತಾಂಶದ ಪ್ರಕಾರ, ಐದು ವರ್ಷದ ನಂತರ ಗಂಟಲು ಮತ್ತು ಕುತ್ತಿಗೆಯಲ್ಲಿ ರೋಗ ಹತೋಟಿಯಲ್ಲಿದ್ದವರು ಶೇ 60ರಿಂದ 70ಕ್ಕೆ ಏರಿದರು. ಔಷಧಿ ಹೆಚ್ಚಿಸಿರಲಿಲ್ಲ, ವಿಕಿರಣ ಹೆಚ್ಚಿಸಿರಲಿಲ್ಲ. ದಿನಗಳನ್ನಷ್ಟೇ ಕಡಿಮೆ ಮಾಡಿದ್ದರು. ಚಿಕಿತ್ಸೆ ಎಳೆದಷ್ಟೂ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಸಮಯ ಸಿಗುತ್ತದೆ.

ಇದೇ ಪ್ರಯೋಗವನ್ನು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕವೂ ಸೇರಿದಂತೆ ಒಂಬತ್ತು ಕೇಂದ್ರಗಳಲ್ಲಿ ನಡೆಸಿತು. 2010ರ ವರದಿಯಲ್ಲಿ ಹತೋಟಿ ಶೇ 30ರಿಂದ 42ಕ್ಕೆ ಏರಿತ್ತು. ಎರಡೂ ಕಡೆಯ ರೋಗಿಗಳು ಒಂದೇ ಬಗೆಯವರಲ್ಲ. ಡೆನ್ಮಾರ್ಕಿನಲ್ಲಿ ಹಲವರಿಗೆ ವಿಕಿರಣದ ಬಲ ಹೆಚ್ಚಿಸುವ ಮಾತ್ರೆಯೂ ಇತ್ತು. ಆದರೂ ಎರಡು ಪಾಠಗಳು ಸ್ಪಷ್ಟ. ಬೇಗ ಮುಗಿಸಿದರೆ ಎಲ್ಲ ದೇಶಗಳಲ್ಲೂ ಲಾಭವಿದೆ. ಆದರೆ ಬಡ ದೇಶಗಳ ರೋಗಿ ಹೊರಡುವ ಮೆಟ್ಟಿಲೇ ಬಹಳ ಕೆಳಗಿದೆ.

ದೂರವೂ ರೋಗದ ಭಾಗ

ನಮ್ಮಲ್ಲಿ ಬಹುತೇಕ ರೋಗಿಗಳು ಗಡ್ಡೆ ಬಲಿತ ಮೇಲೆ ಆಸ್ಪತ್ರೆ ಸೇರುತ್ತಾರೆ. ಆರಂಭದಲ್ಲೇ ಸಿಕ್ಕ ಧ್ವನಿಪೆಟ್ಟಿಗೆಯ ಕ್ಯಾನ್ಸರನ್ನು ಹೆಚ್ಚಿನವರಲ್ಲಿ ವಿಕಿರಣದಿಂದಲೋ ಚಿಕ್ಕ ಶಸ್ತ್ರಚಿಕಿತ್ಸೆಯಿಂದಲೋ ಗುಣಪಡಿಸಿ, ಮಾತನ್ನೂ ಉಳಿಸಬಹುದು. ಬಲಿತದ್ದಾದರೆ ಕೀಮೋ, ವಿಕಿರಣ ಎರಡೂ ಬೇಕು. ಇಲ್ಲವೇ ಪೆಟ್ಟಿಗೆಯನ್ನೇ ತೆಗೆಯಬೇಕು. ಪೆಟ್ಟಿಗೆ ಉಳಿಸುವ ದಾರಿಗೆ ಪದೇ ಪದೇ ತಪಾಸಣೆ, ಒಳ್ಳೆಯ ಆಹಾರ, ವರ್ಷಗಟ್ಟಲೆ ಓಡಾಟ ಬೇಕು. ಅದು ಆಗದ ರೋಗಿಗೆ ಶಸ್ತ್ರಚಿಕಿತ್ಸೆಯೇ ಸುರಕ್ಷಿತ ಎಂದು ವೈದ್ಯರು ಹೇಳಬೇಕಾಗಿ ಬರುತ್ತದೆ. ಅಂದರೆ, ರೋಗಿಯ ಮಾತು ಉಳಿಯುವುದೂ ಕೆಲವೊಮ್ಮೆ ಅವರ ಊರಿನಿಂದ ಆಸ್ಪತ್ರೆಗಿರುವ ದೂರದ ಮೇಲೆ ನಿಂತಿರುತ್ತದೆ.

ರಾಯಚೂರಿನ ಕೂಲಿಕಾರರೊಬ್ಬರು ಏಳು ವಾರ ಬೆಂಗಳೂರಿನಲ್ಲಿ ಉಳಿಯಬೇಕಾದರೆ ಅವರದೂ ಜೊತೆಗಿರುವವರದೂ ಕೂಲಿ ಹೋಗುತ್ತದೆ. ಸರ್ಕಾರಿ ಯೋಜನೆ ಚಿಕಿತ್ಸೆಯ ವೆಚ್ಚ ಭರಿಸಿದರೂ ಬಾಡಿಗೆ, ಊಟ, ಬಸ್ಸಿನ ಖರ್ಚು ಉಳಿದೇ ಇರುತ್ತದೆ. ದುಡ್ಡು ಮುಗಿದವರು ನಡುವೆಯೇ ಊರಿಗೆ ಮರಳುತ್ತಾರೆ. ಆದ್ದರಿಂದ ಆಸ್ಪತ್ರೆಯ ಬಳಿಯ ಧರ್ಮಶಾಲೆ, ನುಂಗಲಾಗದ ದಿನಗಳಿಗೆ ಗಂಜಿಯ ವ್ಯವಸ್ಥೆ, ಜಿಲ್ಲೆಗೊಂದು ವಿಕಿರಣ ಯಂತ್ರ, ಇವೆಲ್ಲ ದಾನಧರ್ಮದ ಮಾತಲ್ಲ, ಚಿಕಿತ್ಸೆಯ ಅಂಗಗಳೇ.

ನೆನಪಿಡಿ

ದನಿ ಒಡೆದು ಮೂರು ವಾರ ದಾಟಿದರೆ, ನುಂಗುವಾಗ ನೋವಿದ್ದರೆ, ಒಂದೇ ಕಿವಿ ನೋಯುತ್ತಿದ್ದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಕಷಾಯ ಕುಡಿದು ಕಾಯಬೇಡಿ. ಇಎನ್‌ಟಿ ವೈದ್ಯರಿಗೆ ತೋರಿಸಿ. ಚಿಕಿತ್ಸೆ ಶುರುವಾದವರ ಮನೆಯವರು, ನೆರೆಯವರು ಒಂದು ದಿನದ ವಿಕಿರಣವೂ ತಪ್ಪದಂತೆ ನೋಡಿಕೊಳ್ಳಿ. ಹುಟ್ಟಿದ ಸೀಮೆಯನ್ನು ಬದಲಿಸಲಾಗದು. ಕಳೆದುಹೋಗುವ ದಿನಗಳನ್ನು ಖಂಡಿತ ಉಳಿಸಬಹುದು.