ಟಾರಂಟುಲಾ ಮರಿ ಉಣ್ಣದಿದ್ದರೆ ರೋಗವೇ?

ಕೂದಲು ತುಂಬಿದ ದೊಡ್ಡ ಜೇಡ ಕಂಡರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಚಪ್ಪಲಿಗೇ ಕೈ ಹೋಗುತ್ತದೆ. ಅಂಥದ್ದನ್ನು ಡಬ್ಬಿಯಲ್ಲಿ ಸಾಕುವವರೂ ಇದ್ದಾರೆ. ಒಂದೇ ತತ್ತಿಚೀಲದ ಮರಿಗಳಲ್ಲಿ ಒಂದು ಹುಳು ಹಾಕಿದೊಡನೆ ಎರಗುತ್ತದೆ, ಇನ್ನೊಂದು ವಾರಗಟ್ಟಲೆ ಬಿಲ ಬಿಟ್ಟು ಬರುವುದಿಲ್ಲ. ಎರಡನೆಯದಕ್ಕೆ ರೋಗವೇ?

ಸಾಮಾನ್ಯವಾಗಿ ಅಲ್ಲ ಎನ್ನುತ್ತೇವೆ ನಾವು. ಧೈರ್ಯ, ಅಂಜಿಕೆ ಒಂದೊಂದರದು ಒಂದೊಂದು ಬಗೆ. ಪೊರೆ ಕಳಚುವ ಸಮಯವೂ ಬೇರೆ ಬೇರೆ. ಅದಕ್ಕೆ ಮುಂಚೆ ಮರಿ ಊಟ ಬಿಡುತ್ತದೆ, ಬಿಲದ ಬಾಯಿಯನ್ನೂ ಮುಚ್ಚಿಕೊಳ್ಳಬಹುದು. ಹೊಟ್ಟೆ ಉಬ್ಬಿ ಹೊಳೆಯುವುದು ಅದರ ಗುರುತು. ಪಾಪ, ಹಸಿದಿರಬೇಕೆಂದು ಆಗ ಜೀವಂತ ಹುಳು ಬಿಟ್ಟರೆ, ಮೈ ಮೆತ್ತಗಿರುವ ಮರಿಯನ್ನು ಆ ಹುಳುವೇ ಕಚ್ಚಿ ಕೊಲ್ಲಬಹುದು! ನೀರಿಟ್ಟು ಸುಮ್ಮನಿರಿ. ಹೊಟ್ಟೆ ಸುಕ್ಕುಗಟ್ಟಿದರೆ ಮಾತ್ರ ಚಿಂತಿಸಿ.

ಸಾಕಲೆಂದು ಕಾಡಿನಿಂದ ಹಿಡಿದು ತರಬೇಡಿ. ನಮ್ಮ ದೇಶದ ಮರವಾಸಿ ಪೊಯಿಸಿಲೋಥೇರಿಯಾ ಜೇಡಗಳ ಅಂತರರಾಷ್ಟ್ರೀಯ ಮಾರಾಟಕ್ಕೆ 2019ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ.