ಒಂದೇ ಸೂರು, ಅದರಡಿ ಇಡೀ ವಿಹಾರ!

ಒಂದು ಬೌದ್ಧ ವಿಹಾರಕ್ಕೆ ಎಷ್ಟು ಕಟ್ಟಡ ಬೇಕು? ಹೇಳಿ ನೋಡೋಣ!

ಬುದ್ಧನ ಮೂರ್ತಿಗೊಂದು. ದೀಕ್ಷೆಯ ವಿಧಿಗೊಂದು. ಊಟದ ಚಾವಡಿ ಒಂದು. ಭಿಕ್ಷುಗಳಿಗೆ ಸಾಲು ಸಾಲು ಕುಟಿ. ಬ್ಯಾಂಕಾಕಿನ ದೊಡ್ಡ ವಿಹಾರಗಳನ್ನು ಸುತ್ತಿ ಬಂದವರು ಹತ್ತೋ ಹದಿನೈದೋ ಎಂದಾರು.

ಈಗ ಥಾಯ್ಲೆಂಡಿನ ವಾಯವ್ಯ ಮೂಲೆಗೆ ಬನ್ನಿ. ಮೇ ಹೊಂಗ್ ಸೊನ್! ಮ್ಯಾನ್ಮಾರ್ ಗಡಿಯ ಗುಡ್ಡಗಾಡು. ತೈ ಯಾಯ್ ಜನರ ನೆಲೆ. ಶಾನ್ ಎನ್ನುವುದೂ ಇವರನ್ನೇ. ಇವರ ಹಳೇ ಪದ್ಧತಿಯ ವಿಹಾರಕ್ಕೆ ಎಷ್ಟು ಕಟ್ಟಡ ಗೊತ್ತೇ?

ಒಂದು! ಒಂದೇ ಒಂದು!

ಸಾಲು ಕಂಬಗಳ ಮೇಲೆ ಎತ್ತರಕ್ಕೆ ನಿಂತ ಮರದ ಮಹಾಮನೆ. ಬುದ್ಧನೂ ಅಲ್ಲೇ, ಭಿಕ್ಷುವೂ ಅಲ್ಲೇ. ಪೂಜೆ, ಪಾಠ, ಊಟ, ನಿದ್ದೆ ಎಲ್ಲವೂ ಒಂದೇ ಸೂರಿನಡಿ!

ಹಾಗಾದರೆ ಯಾರ ಜಾಗ ಯಾವುದೆಂದು ತಿಳಿಯುವುದು ಹೇಗೆ? ಗೋಡೆ ಹುಡುಕಬೇಡಿ. ಕಾಲಡಿ ನೋಡಿ! ಹಲಗೆಯ ನೆಲವೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ತಗ್ಗಿನಲ್ಲಿ ಭಕ್ತರು. ಒಂದು ಹಂತ ಮೇಲೆ ಭಿಕ್ಷುಗಳು. ಎಲ್ಲಕ್ಕಿಂತ ಮೇಲೆ ಬುದ್ಧ. ಒಂದು ಗೇಣಿನ ಎತ್ತರ ಸಾಕು, ನಿಮ್ಮ ಜಾಗ ನಿಮಗೆ ಗೊತ್ತಾಗಿಬಿಡುತ್ತದೆ!

ಈಗ ತಲೆಯೆತ್ತಿ. ಅಬ್ಬಾ, ಆ ಚಾವಣಿ! ಒಂದರ ಮೇಲೊಂದು, ಅದರ ಮೇಲಿನ್ನೊಂದು, ತುದಿಯಲ್ಲಿ ಮೊನಚು ಶಿಖರ. ಅಂಚಿನಲ್ಲಿ ಇಳಿಬಿದ್ದ ಕಸೂತಿ ಕಂಡಿರಾ? ಮರದ ಕೆತ್ತನೆ ಎಂದುಕೊಂಡಿರಾ? ಅಲ್ಲ, ತಗಡು! ಸತುವಿನ ತಗಡನ್ನು ಹೂಬಳ್ಳಿಯಾಗಿ ಕೊರೆದು, ಸೀರೆಯಂಚಿಗೆ ಲೇಸ್ ಹೊಲಿದಂತೆ ಸೂರಿನುದ್ದಕ್ಕೂ ಹೊಂದಿಸಿದ್ದಾರೆ!

ಮೇ ಹೊಂಗ್ ಸೊನ್ ಊರ ನಡುವಿನ ಕೆರೆಯ ದಡದಲ್ಲಿ ಇಂಥ ಚಾವಣಿಯ ಅಕ್ಕಪಕ್ಕದ ಜೋಡಿಯೇ ಇದೆ: ಚೊಂಗ್ ಖಾಮ್, ಚೊಂಗ್ ಕ್ಲಾಂಗ್. ಎರಡನೆಯದರ ಒಳಗೆ ಹೋಗಿ. ನೂರಕ್ಕೂ ಹೆಚ್ಚು ಗಾಜಿನ ಚಿತ್ರಗಳಲ್ಲಿ ಜಾತಕ ಕಥೆಗಳು, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳು! ಬರೆದದ್ದು ಗಾಜಿನ ಹಿಂಬದಿಗೆ. ಅಂದರೆ ಕೆಲಸವೆಲ್ಲ ತಿರುವುಮುರುವು! ಕಣ್ಣಿನ ಗೆರೆ ಮೊದಲು, ಮುಖದ ಬಣ್ಣ ಆಮೇಲೆ, ಹಿನ್ನೆಲೆ ಕೊಟ್ಟಕೊನೆಗೆ. ಕುಂಚ ಒಮ್ಮೆ ತಪ್ಪಿದರೆ ಮೇಲೆ ಬಳಿದು ಮುಚ್ಚುವಂತಿಲ್ಲ! ಪಕ್ಕದಲ್ಲೇ ವೆಸ್ಸಂತರ ಜಾತಕದ ಮರದ ಬೊಂಬೆಗಳು. ಬರ್ಮಾದಿಂದ 1857ರಲ್ಲಿ ಬಂದವು!

ಜನ ಮನೆ ಬದಲಾಯಿಸುವುದು ಗೊತ್ತು. ವಿಹಾರವೇ ಊರು ಬದಲಾಯಿಸಿದ್ದು ಕೇಳಿದ್ದೀರಾ? ಲಂಪಾಂಗ್ ಪ್ರಾಂತ್ಯದಲ್ಲೂ ಒಂದು ಚೊಂಗ್ ಖಾಮ್ ಇತ್ತು. ಆ ಮರದ ಕಟ್ಟಡವನ್ನು ಬಿಚ್ಚಿದರು! ನೂರಾರು ಕಿಲೋಮೀಟರ್ ಸಾಗಿಸಿದರು! ಬ್ಯಾಂಕಾಕ್ ಪಕ್ಕದ ಸಮುತ್ ಪ್ರಾಕಾನ್‌ನಲ್ಲಿ, ಮುವಾಂಗ್ ಬೊರಾನ್ ಎಂಬ ಬಯಲು ವಸ್ತುಸಂಗ್ರಹಾಲಯದೊಳಗೆ ಮತ್ತೆ ನಿಲ್ಲಿಸಿದರು!

ಎಲ್ಲಕ್ಕಿಂತ ದೊಡ್ಡ ಅಚ್ಚರಿ ಇನ್ನೂ ಬಾಕಿ ಇದೆ. ಈ ಹಂತಹಂತದ ಚಾವಣಿ ಮೂಲತಃ ಯಾರದ್ದು?

ರಾಜರದ್ದು! ಹಳೇ ಬರ್ಮಾದಲ್ಲಿ ಇಂಥ ಶಿಖರ ಅರಮನೆಗೂ ಧರ್ಮಸ್ಥಾನಕ್ಕೂ ಮಾತ್ರ ಮೀಸಲು. ಸಿರಿವಂತ ವ್ಯಾಪಾರಿಯೂ ತನ್ನ ಮನೆಗೆ ಕಟ್ಟಿಸಿಕೊಳ್ಳುವಂತಿರಲಿಲ್ಲ!

ಈಗ ಪೊಯ್ ಸಾಂಗ್ ಲಾಂಗ್ ಹಬ್ಬ ನೋಡಿ. ಮಾರ್ಚ್, ಏಪ್ರಿಲ್ ಹೊತ್ತಿಗೆ ತೈ ಯಾಯ್ ಹುಡುಗರಿಗೆ ರಾಜಕುಮಾರರ ವೇಷ. ತುಟಿಗೆ ಬಣ್ಣ, ತಲೆಗೆ ಹೂವಿನ ಮುಡಿ. ಕಾಲು ನೆಲಕ್ಕೆ ತಾಗಕೂಡದು, ಹೆಗಲ ಮೇಲೇ ಮೆರವಣಿಗೆ! ಸಿದ್ಧಾರ್ಥನೂ ರಾಜಕುಮಾರನಾಗಿದ್ದನಲ್ಲವೇ? ಹಬ್ಬದ ಕೊನೆಗೆ ವೇಷ ಕಳಚಿ, ಕಾಷಾಯ ಉಟ್ಟು, ಹುಡುಗರು ಸಾಮಣೇರರು, ಅಂದರೆ ಕಿರಿಯ ಭಿಕ್ಷುಗಳು, ಆಗುತ್ತಾರೆ.

ರಾಜವೇಷ ಬಿಟ್ಟವರಿಗೆ ಅರಮನೆಯ ಚಾವಣಿ! ಸ್ವಂತಕ್ಕೆ ಏನೂ ಇಟ್ಟುಕೊಳ್ಳದವರಿಗೆ ಊರಿನ ಅತಿ ಚೆಂದದ ಮನೆ! ಇಂಥ ಲೆಕ್ಕಾಚಾರ ಬೇರೆಲ್ಲಾದರೂ ಕಂಡಿದ್ದೀರಾ?