ಚಿಕ್ಕದಾದ ಫೋಟೋ ಮತ್ತೆ ದೊಡ್ಡದಾಗದು

ಹೋದ ಶ್ರಾವಣದ ಒಂದು ಮಧ್ಯಾಹ್ನ. ಕಲಬುರಗಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತಿದ್ದೆ. ಕಮಲಾಪುರದಿಂದ ಅಕ್ಕನ ಮಗಳು ಬಸ್ಸಿಳಿದು ನೇರ ಅಡುಗೆಮನೆಗೇ ಬಂದಳು. ಕಣ್ಣು ಕೆಂಪಗಾಗಿದ್ದವು.

"ಚಿಗವ್ವಾ, ಬ್ಯಾಂಕಿನ ಅರ್ಜಿಗೆ ನಾಳೀಗೇ ಕಡೀ ದಿನ. ನನ್ನ ಫೋಟೋ ತಗೋವಲ್ದು. ಒಮ್ಮೆ ದೊಡ್ಡದಾಯ್ತು ಅಂತದ, ಒಮ್ಮೆ ಸಣ್ಣದಾಯ್ತು ಅಂತದ. ಮ್ಯಾಲ ಅವ್ವನ ಫೋಟೋನೂ ಕೆಟ್ಟು ಹೋಗ್ಯಾದ!"

ಅಕ್ಕ ತೀರಿಕೊಂಡು ಆಗಿನ್ನೂ ಐದು ತಿಂಗಳು. ಕೆಂಪು ಬಾಳೆಯ ತೋಟದಲ್ಲಿ ನಗುತ್ತಾ ನಿಂತ ಅವಳ ಫೋಟೋ ಒಂದು ಮಗಳ ಮೊಬೈಲಿನಲ್ಲಿತ್ತು. ಮೊಬೈಲಿನಲ್ಲಿ ಜಾಗ ಸಾಲದೆಂದು ಹುಡುಗಿ ಎಲ್ಲ ಫೋಟೋಗಳನ್ನೂ ಚಿಕ್ಕದು ಮಾಡಿಸಿ, ಮೂಲವನ್ನು ಅಳಿಸಿಬಿಟ್ಟಿದ್ದಳು. ಈಗ ಗೋಡೆಗೆ ಹಾಕಲು 8×10 ಇಂಚಿನ ಚೌಕಟ್ಟಿಗೆ ಮುದ್ರಿಸಿದರೆ ಅಕ್ಕನ ಮುಖವೆಲ್ಲ ಮಸುಕು ಮಸುಕು.

ಎರಡು ತೊಂದರೆಗಳ ಬೇರೂ ಒಂದೇ. ಹಂಚು ಇಳಿಸಿ, ನಾನು ಕಲಿತಷ್ಟನ್ನು ಅವಳಿಗೆ ಹೇಳಿದೆ. ಸೋದರಿಯರೇ, ನಿಮಗೂ ಅದನ್ನೇ ಹೇಳುತ್ತೇನೆ.

ಕಂಪ್ಯೂಟರಿನ ಚಿತ್ರವೆಂದರೆ ರಂಗೋಲಿಯ ಹಾಗೆ ಚುಕ್ಕೆಗಳ ಸಾಲು. ಈ ಚುಕ್ಕೆಗೆ ಪಿಕ್ಸೆಲ್ ಎನ್ನುತ್ತಾರೆ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿ ಮೊದಲ ಬಾರಿಗೆ ಫೋಟೋ ಒಂದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರು. ಅದು ಅವರ ಮೂರು ತಿಂಗಳ ಕೂಸಿನ ಫೋಟೋ! ಅಡ್ಡ 176, ಉದ್ದ 176 ಚುಕ್ಕೆ, ಅಷ್ಟೇ. ಇಂದಿನ 12 ಮೆಗಾಪಿಕ್ಸೆಲ್ ಮೊಬೈಲಿನ ಒಂದು ಫೋಟೋದಲ್ಲಿ 4000×3000, ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆಗಳಿರುತ್ತವೆ.

ಇನ್ನು ರೆಸಲ್ಯೂಷನ್. ಮುದ್ರಣದಲ್ಲಿ ಅದೆಂದರೆ ಕಾಗದದ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕ. ರೊಟ್ಟಿಯನ್ನೇ ನೋಡಿ. ಹಿಟ್ಟಿನ ಉಂಡೆ ಎಂದರೆ ಚುಕ್ಕೆಗಳು. ರೊಟ್ಟಿಯ ಅಗಲ ಎಂದರೆ ಇಂಚು. ದಪ್ಪ ಎಂದರೆ ರೆಸಲ್ಯೂಷನ್. ಅದೇ ಉಂಡೆಯನ್ನು ಅಗಲ ಬಡಿದಷ್ಟೂ ರೊಟ್ಟಿ ತೆಳ್ಳಗಾಗಿ ಕೊನೆಗೆ ಹರಿಯುತ್ತದೆ. ಕೈಯಲ್ಲಿ ಹಿಡಿದು ನೋಡುವ ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ಇದ್ದರೆ ಚೆನ್ನ. 8×10ಕ್ಕೆ 2400×3000 ಬೇಕು. ಅಕ್ಕನ ಫೋಟೋದಲ್ಲಿ ಉಳಿದದ್ದು 480×640. ಇಂಚಿಗೆ ಬರೀ 60 ಚುಕ್ಕೆ! ಫೈಲಿನಲ್ಲಿ 72 ಇದ್ದುದನ್ನು 300 ಎಂದು ತಿದ್ದಿದ ಮಾತ್ರಕ್ಕೆ ಹಿಟ್ಟು ಹೆಚ್ಚಾಗುವುದಿಲ್ಲ. ಈಗ ಕೃತಕ ಬುದ್ಧಿಮತ್ತೆಯಿಂದ ದೊಡ್ಡದು ಮಾಡಿಕೊಡುವವರೂ ಇದ್ದಾರೆ. ಆದರೆ ಅದು ಇಲ್ಲದ ಚುಕ್ಕೆಗಳನ್ನು ಊಹಿಸಿ ತುಂಬುತ್ತದೆ. ಅಕ್ಕನ ಮುಖದ ಮೇಲೆ ಬೇರೆ ಯಾರದೋ ನಗು ಬಂದು ಕೂತರೆ ಹೇಗೆ?

ಮೂರನೆಯದು ಕೆ.ಬಿ., ಅಂದರೆ ಫೈಲಿನ ತೂಕ. ಚುಕ್ಕೆಗಳು ಅಷ್ಟೇ ಇದ್ದರೂ ಜೆಪೆಗ್ ಫೈಲನ್ನು ಎಷ್ಟು ಹಿಂಡಿ ಇಡುತ್ತೇವೆ ಎಂಬುದರ ಮೇಲೆ ತೂಕ ಬದಲಾಗುತ್ತದೆ.

ಮೊದಲು ಅರ್ಜಿಯ ಕೆಲಸ ಮುಗಿಸಿದೆವು. ಬ್ಯಾಂಕ್ ನೌಕರಿಗೆ ಐ.ಬಿ.ಪಿ.ಎಸ್. ಕೇಳುತ್ತಾ ಬಂದ ಅಳತೆ ಹೀಗಿದೆ: ಫೋಟೋ 200×230 ಪಿಕ್ಸೆಲ್, ತೂಕ 20ರಿಂದ 50 ಕೆ.ಬಿ.; ಸಹಿ 140×60 ಪಿಕ್ಸೆಲ್, ತೂಕ 10ರಿಂದ 20 ಕೆ.ಬಿ. ಆದರೂ ಪ್ರತಿ ಸಲ ಪ್ರಕಟಣೆಯನ್ನು ಓದಿಯೇ ಮುಂದುವರಿಯಿರಿ.

ಮಾಡುವ ವಿಧಾನ:

1. ಮೂಲ ಫೋಟೋ ಮುಟ್ಟಬೇಡಿ. ಅದರ ಒಂದು ಪ್ರತಿ ಮಾಡಿಕೊಂಡು ಅದರ ಮೇಲೆಯೇ ಕೆಲಸ ಮಾಡಿ.

2. ಮೊದಲು ಕ್ರಾಪ್ ಮಾಡಿ, ಅಂದರೆ ಅಂಚು ಕತ್ತರಿಸಿ 200ಕ್ಕೆ 230ರ ಪ್ರಮಾಣಕ್ಕೆ ತನ್ನಿ. ನಮ್ಮ ಹುಡುಗಿಯ ಫೋಟೋವನ್ನು ಅಂಗಡಿಯಾತ ಕತ್ತರಿಸದೆ ಹಾಗೇ ಅಮುಕಿದ್ದ. ಮುಖ ಕುಂಬಳಕಾಯಿಯಾಗಿತ್ತು!

3. ಆಮೇಲೆ ರಿಸೈಜ್‌ನಲ್ಲಿ ಪಿಕ್ಸೆಲ್ ಆಯ್ದು 200 ಎಂದು ಬರೆಯಿರಿ. ಪ್ರಮಾಣ ಕಾಯುವ ಗುರುತು ಇದ್ದರೆ 230 ತಾನಾಗಿ ಬರುತ್ತದೆ.

4. ಜೆಪೆಗ್ ಆಗಿ ಉಳಿಸುವಾಗ ಕ್ವಾಲಿಟಿಯನ್ನು ಏರಿಸಿ ಇಳಿಸಿ ತೂಕ ಸರಿಮಾಡಿ. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಅನುಕೂಲವಿದೆ. 20 ಕೆ.ಬಿ.ಗಿಂತ ಕಡಿಮೆ ಬಂದರೂ ಅರ್ಜಿ ತಿರಸ್ಕಾರವೇ. ಆಗ ಕ್ವಾಲಿಟಿ ಹೆಚ್ಚಿಸಿ.

5. ಅಂಗಡಿಯಲ್ಲಿ ಮಾಡಿಸಿದರೆ, ಏಳುವ ಮೊದಲು ನಿಮ್ಮ ಫೋಟೋ ಮತ್ತು ಸಹಿಯನ್ನು ಅಲ್ಲಿನ ಕಂಪ್ಯೂಟರಿನಿಂದ ಅಳಿಸಿ. ಕಸದ ಬುಟ್ಟಿಯನ್ನೂ ಖಾಲಿ ಮಾಡಿಸಿ. ಹೆಣ್ಣುಮಕ್ಕಳು ಇದರಲ್ಲಿ ಸಂಕೋಚಪಡಬಾರದು.

ರಾತ್ರಿ ಒಂಬತ್ತಕ್ಕೆ ಅರ್ಜಿ ಹೋಯಿತು. ಹುಡುಗಿ ಉಂಡು ಮಲಗಿದಳು. ನನಗೆ ಮಾತ್ರ ಅಕ್ಕನ ಚಿಂತೆ.

ಬೆಳಿಗ್ಗೆ ಅವಳ ಜೊತೆ ನಾನೂ ಕಮಲಾಪುರಕ್ಕೆ ಹೋದೆ. ಭಾವನವರ ಹಳೇ ಟ್ರಂಕು ತೆಗೆಸಿದೆ. ಸೀರೆಗಳ ಅಡಿಯಲ್ಲಿ, ಈ ಹುಡುಗಿಯ ತೊಟ್ಟಿಲ ದಿನದ ಫೋಟೋ ಸಿಕ್ಕಿತು. ಕೂಸನ್ನೆತ್ತಿಕೊಂಡ ಅಕ್ಕ. 4×6 ಇಂಚಿನ ಕಾಗದ, ರೀಲಿನ ಕಾಲದ್ದು. ಕಲಬುರಗಿಯಲ್ಲಿ ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿಸಿದೆವು. 2400×3600 ಚುಕ್ಕೆ ಬಂತು. ಇಂಚಿಗೆ 300ರಂತೆ 8×12ರ ಮುದ್ರಣಕ್ಕೆ ಸಾಕಷ್ಟಾಯಿತು. ಹಳೆಯ ಕಾಗದದಲ್ಲಿ ಇದ್ದಷ್ಟನ್ನೇ ಸ್ಕ್ಯಾನರ್ ಕೊಡುವುದು, ನಿಜ. ಆದರೆ ಅಕ್ಕನ ಮೂಗುತಿಯ ಹರಳೂ ಕಾಣುತ್ತಿತ್ತು.

ತೋಟದ ಆ ನಗು ಮಾತ್ರ ತಿರುಗಿ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಮನೆಯವರ ಒಳ್ಳೆಯ ಫೋಟೋಗಳ ಮೂಲ ಪ್ರತಿಯನ್ನು ಪೆನ್‌ಡ್ರೈವಿನಲ್ಲೋ ಇನ್ನೊಬ್ಬರ ಕಂಪ್ಯೂಟರಿನಲ್ಲೋ, ಕನಿಷ್ಠ ಎರಡು ಕಡೆ ಇಡಿ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಹಿಂಡಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ನೆಚ್ಚಿನ ನಾಲ್ಕು ಚಿತ್ರಗಳನ್ನಾದರೂ ಕಾಗದದ ಮೇಲೆ ಮುದ್ರಿಸಿ ಇಡಿ.

ಮೊನ್ನೆ ಹೋದಾಗ ನೋಡಿದೆ. ಗೋಡೆಯ ಮೇಲೆ ಅಕ್ಕ, ಅವಳ ತೋಳಲ್ಲಿ ಈ ಹುಡುಗಿ. "ಚಿಗವ್ವಾ, ಈಗ ನಾ ಒಂದೂ ಅಳಿಸಲ್ಲ ನೋಡು" ಅಂದಳು.